ಬೀಗರ ಲಾರಿಯ ಬಾಣಂತನ

ದೇವದುರ್ಗದ ಜನ ಹೇಳುವುದು ಸುಳ್ಳು. ನಮ್ಮ ಬೀಗರು ಲಾರಿಯನ್ನು ಮಳೆಯಲ್ಲಿ ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟರು. ನಡೆದದ್ದು ಇಷ್ಟೇ. ಮುದುಕನಿಗೆ ನೆನಪು ಹೋಯಿತು, ತಲೆ ಕೆಟ್ಟಿತು ಎಂದು ಚಹಾದಂಗಡಿಯಲ್ಲಿ ಕೂತು ಲೊಚಗುಟ್ಟುವವರಿಗೆ ನನ್ನದೊಂದು ಮಾತು: ಆ ಮನುಷ್ಯನ ತಲೆ ಈಗ ಕೆಟ್ಟದ್ದಲ್ಲ. ನಾನು ಕಂಡಾಗಿನಿಂದಲೂ ಕೆಟ್ಟೇ ಇದೆ. ಅದಕ್ಕೂ ಮಳೆಗೂ ಏನೇನೂ ಸಂಬಂಧವಿಲ್ಲ!

ಬೀಗರು ಎಂದರೆ ನನ್ನ ಕಿರಿಯ ಮಗಳ ಮಾವ. ಹೆಸರು ಬರೆಯುವುದಿಲ್ಲ. ಬರೆದರೂ ದೇವದುರ್ಗದಲ್ಲಿ ಯಾರಿಗೂ ಗುರುತು ಹತ್ತುವುದಿಲ್ಲ. ಅಲ್ಲಿ ಎಲ್ಲರಿಗೂ ಅವರು ‘ತುಕ್ಕಿನ ಮುತ್ಯಾ’, ಅಂದರೆ ತುಕ್ಕಿನ ಅಜ್ಜ. ಆಯುಷ್ಯವೆಲ್ಲ ಒಂದೇ ಲಾರಿ ಓಡಿಸಿದವರು. ಮಾನ್ವಿ ಕಡೆಯ ಭತ್ತ ರಾಯಚೂರಿನ ಗಿರಣಿಗೆ, ದೇವದುರ್ಗದ ಹತ್ತಿ ಜಿನ್ನಿಂಗಿಗೆ, ತಿರುಗಿ ಬರುವಾಗ ಗೊಬ್ಬರದ ಚೀಲ. ಮೊಣಕಾಲು ಹಿಡಿದುಕೊಂಡ ಮೇಲೆ ಸ್ಟೇರಿಂಗನ್ನು ಮಗನಿಗೆ, ಅಂದರೆ ನನ್ನ ಅಳಿಯನಿಗೆ, ಬಿಟ್ಟುಕೊಟ್ಟರು. ಸ್ಟೇರಿಂಗ್ ಬಿಟ್ಟ ಕೈ ಸುಮ್ಮನಿರಬೇಕಲ್ಲ? ಬ್ರಷ್ಷು ಹಿಡಿಯಿತು. ಅಂದಿನಿಂದ ಈ ಲೋಕದಲ್ಲಿ ಅವರಿಗಿರುವ ವೈರಿ ಒಂದೇ, ತುಕ್ಕು.

ಅವರ ಹೆದರಿಕೆಯಲ್ಲಿ ಅರ್ಥವೇ ಇಲ್ಲವೆಂದು ನಾನು ಹೇಳುವುದಿಲ್ಲ. ಗೊಬ್ಬರದ ಚೀಲಗಳಲ್ಲಿ ಯಾವುದಾದರೂ ಒಂದು ಹರಿದೇ ಇರುತ್ತದೆ. ಉದುರಿದ ಪುಡಿ ತಗಡಿನ ಸಂದಿಯಲ್ಲಿ ಕೂರುತ್ತದೆ. ಸ್ವಲ್ಪ ತೇವ ಸಿಕ್ಕರೆ ಸಾಕು, ಕಬ್ಬಿಣವನ್ನು ರೊಟ್ಟಿಯ ಹಾಗೆ ಮುರಿದು ತಿನ್ನುತ್ತದೆ. ಕೆಳಗೆ ನೋಡಿದರೆ ಎರೆಮಣ್ಣು. ಚಾಸಿ ಎಂದರೆ ಲಾರಿಯ ಬೆನ್ನೆಲುಬು. ಹೊಲದ ದಾರಿಯಲ್ಲಿ ಅದಕ್ಕೆ ಮೆತ್ತಿಕೊಂಡ ಎರೆಮಣ್ಣು ವಾರಗಟ್ಟಲೆ ಹಸಿಯಾಗಿಯೇ ಕೂತಿರುತ್ತದೆ. ಲಾರಿಯೂ ಹಳೆಯದು. ಆರ್‌ಟಿಒ ಕಚೇರಿಗೆ ಪಾಸಿಂಗಿಗೆ, ಅಂದರೆ ತಪಾಸಣೆಗೆ, ಒಯ್ದಾಗ ಅಲ್ಲಿನ ಸಾಹೇಬರ ಕಣ್ಣಿಗೆ ಚಾಸಿಯಲ್ಲಿ ತೂತು ಬಿತ್ತೋ, ಲಾರಿ ಗುಜರಿಗೆ. ಲಾರಿ ಗುಜರಿಗೆ ಹೋದರೆ ನನ್ನ ಅಳಿಯ ಹೆಂಡತಿಯನ್ನು ಬಿಟ್ಟು ಹೈದರಾಬಾದಿನ ಕಡೆ ಯಾರದೋ ಗಾಡಿಗೆ ಡ್ರೈವರನಾಗಿ ಹೋಗಬೇಕು. ಇದೆಲ್ಲ ನಿನಗೆ ಹೇಗೆ ಗೊತ್ತು ಎಂದು ಕೇಳಬೇಡಿ. ಬೀಗರ ಮನೆಯಲ್ಲಿ ಊಟಕ್ಕೆ ಕೂತರೆ ಉಪ್ಪಿನಕಾಯಿಗಿಂತ ಮೊದಲು ಬಡಿಸುವುದು ಇದನ್ನೇ!

ಅವರನ್ನು ನಾನು ಮೊದಲು ನೋಡಿದ್ದು ಹೆಣ್ಣು ನೋಡಲು ಬಂದಾಗ. ನಮ್ಮದು ರಾಯಚೂರಿನಲ್ಲಿ ಸಣ್ಣ ಮನೆ. ಅಕ್ಕಿ ಗಿರಣಿಯ ಅಂಗಳದಲ್ಲಿ ಬೇಯಿಸಿದ ಭತ್ತ ಹರವಿ, ಬಿಸಿಲಲ್ಲಿ ಕಾಲಿನಿಂದ ತಿರುವಿ, ಆ ಕೂಲಿಯಲ್ಲಿ ನಾನು ಕಟ್ಟಿದ್ದು. ಬಂದವರೆಲ್ಲ ಚಾಪೆಯ ಮೇಲೆ ಕೂತರು. ಮಗಳು ಚಹಾ ತಂದಳು. ಅಡುಗೆ ಬರುತ್ತದೆಯೇ, ಎಷ್ಟು ಓದಿದ್ದೀ ಎಂದು ಅವರ ಕಡೆಯ ಹೆಂಗಸರು ಕೇಳುವುದನ್ನೆಲ್ಲ ಕೇಳಿದರು. ಹುಡುಗ ಕಣ್ಣು ಕೆಳಗೆ ಹಾಕಿ ಕೂತಿದ್ದ. ಹುಡುಗನ ತಂದೆ ಎಲ್ಲಿ? ಚಪ್ಪಲಿ ಇದೆ, ಮನುಷ್ಯ ಇಲ್ಲ! ಹೊರಗೆ ಹೋಗಿ ನೋಡಿದರೆ ನಮ್ಮ ಗೇಟಿನ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಉಗುರಿನಿಂದ ಕೆರೆಯುತ್ತಿದ್ದರು.

“ಅಕ್ಕಾರ, ನಿಮ್ಮ ಗೇಟು ಕೆಳಗ ತಿಂದದ. ಮ್ಯಾಲ ಬಣ್ಣ ಹಚ್ಚಿ ಸುಮ್ಮನ ಕುಂತೀರಿ. ಒಳಗ ತಿನ್ನಾಕತ್ತದ ಅದು.”

“ಬೀಗತನ ಮಾಡಾಕ ಬಂದೀರೋ, ಗೇಟು ಕೊಳ್ಳಾಕ ಬಂದೀರೋ?” ಎಂದೆ.

ಅವರಿಗೆ ನಾಟಿದರೆ ತಾನೆ? ಕಂದು ಬಣ್ಣದ ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಒಳಗೆ ಬಂದು, ಚಹಾ ಕುಡಿದು, ಹುಡುಗಿ ನಮಗೆ ಒಪ್ಪಿಗೆ ಎಂದುಬಿಟ್ಟರು. ಹುಡುಗಿಯ ಮುಖವನ್ನು ಅವರು ನೋಡಿದ್ದು ನಿಶ್ಚಯದ ದಿನವೇ ಇರಬೇಕು. ಆ ದಿನ ಸೀರೆ, ಕುಪ್ಪಸದ ಖಣ, ಹಸಿರು ಬಳೆ, ಉತ್ತತ್ತಿ ಇಟ್ಟು ತಂದ ತಾಟಿನ ನಡುವೆ ಒಂದು ರೆಡ್ ಆಕ್ಸೈಡ್ ಡಬ್ಬಿ! ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಮೊದಲು ಹಚ್ಚುವ ಕೆಂಪು ಬಣ್ಣ ಅದು, ನಮ್ಮ ಗೇಟಿಗೆಂದು ತಂದದ್ದು. ನಮ್ಮ ಓಣಿಯ ಒಬ್ಬಾಕೆ ಮುಚ್ಚಳ ತೆಗೆದು, ಇದ್ಯಾವ ಹೊಸ ನಮೂನೆಯ ಕುಂಕುಮವೋ ಎಂದು ಬೆರಳು ಅದ್ದಿ ಹಣೆಗೆ ಇಟ್ಟುಕೊಂಡೇ ಬಿಟ್ಟಳು. ಸೋಪು ಹಾಕಿದರೂ ಹೋಗಲಿಲ್ಲ, ಸೀಗೆಕಾಯಿ ಹಾಕಿದರೂ ಹೋಗಲಿಲ್ಲ. ಆಕೆ ಬೈಯುತ್ತ ಬಂದರೆ ಬೀಗರು ಆಕೆಯ ಹಣೆಯನ್ನೇ ದಿಟ್ಟಿಸಿ ನೋಡಿ, ಮಾಲು ಚೊಲೋ ಅದ, ಗಟ್ಟಿ ಹಿಡಿದದ ಎಂದು ಸಮಾಧಾನಪಟ್ಟರಂತೆ. ಆ ಗೇಟಿಗೆ ಮಾತ್ರ ಅಂದಿನಿಂದ ಒಂದು ಚುಕ್ಕೆ ತುಕ್ಕು ಬಂದಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಬೇಕು.

ಲಾರಿಗೆ ಅವರು ಹಚ್ಚದೇ ಬಿಟ್ಟದ್ದು ಏನೂ ಇಲ್ಲ. ಸುಟ್ಟ ಎಂಜಿನ್ ಎಣ್ಣೆ ಹಚ್ಚಿದರು. ಗ್ರೀಸು ಹಚ್ಚಿದರು. ಡಾಂಬರು ಕಾಯಿಸಿ ಬಳಿದರು. ಒಂದು ಸಲ ಗಿರಣಿಯವರು ತೌಡಿನ ಎಣ್ಣೆಯ ಗಸಿ ಹೊರಗೆ ಚೆಲ್ಲುವುದನ್ನು ಕಂಡು, ಬೇಡ ಎಂದರೂ ಕೇಳದೆ ಡಬ್ಬಿ ತುಂಬಿಸಿಕೊಂಡು ಹೋದರು. ಅಂಟಂಟಾಗಿದೆ, ನೀರು ನಿಲ್ಲುವುದಿಲ್ಲ, ಇದಕ್ಕಿಂತ ಬೇರೆ ಲೇಪ ಬೇಕೆ ಎಂದು ಅವರ ವಾದ. ಚಾಸಿಗೆ, ಚಕ್ರದ ಮೇಲಿನ ತಗಡಿಗೆ, ಬಾಡಿಯ ಕೆಳಗಿನ ಹಲಗೆಗೆ, ಎಲ್ಲದಕ್ಕೂ ಬಳಿದರು. ಮರುದಿನ ಅಳಿಯ ಭತ್ತ ತುಂಬಲು ಬಾಗಲವಾಡಕ್ಕೆ ಹೋದ. ಲಾರಿ ನಿಲ್ಲಿಸಿದ್ದೇ ತಡ, ಅಲ್ಲೇ ಮೇಯುತ್ತಿದ್ದ ಆಡು, ಕುರಿಗಳಿಗೆ ತೌಡಿನ ವಾಸನೆ ಬಡಿಯಿತು. ಇಡೀ ಹಿಂಡು ಲಾರಿಯ ಕೆಳಗೆ! ಹಾರ್ನ್ ಹೊಡೆದರೂ ಏಳಲೊಲ್ಲವು, ಬಾಲ ಹಿಡಿದು ಎಳೆದರೂ ಬರಲೊಲ್ಲವು. ಎಮ್ಮೆಯೊಂದು ಬಾಗಿಲಿನ ಕೆಳಗಿನ ಅಂಚನ್ನು ಕರುವನ್ನು ನೆಕ್ಕಿದ ಹಾಗೆ ಕಣ್ಣು ಮುಚ್ಚಿ ನೆಕ್ಕಿತಂತೆ. ಸಂಜೆ ಅಳಿಯ ಹೊರಟಾಗ ಕುರುಬರ ಹಿರಿಯನೊಬ್ಬ ಬಂದು ಬಹಳ ಮರ್ಯಾದೆಯಿಂದ ಕೇಳಿದನಂತೆ:

“ನಾಳೀನೂ ಬರ್ತೀರೇನ್ರಿ? ಇವತ್ತ ಮೇವಿನ ಕೆಲಸ ತಪ್ಪಿತು ನಮಗ.”

ಆಮೇಲೆ ತೂತು ಮುಚ್ಚುವ ಹುಚ್ಚು ಹಿಡಿಯಿತು. ನೀರು ಒಳಗೆ ಹೋಗುವುದರಿಂದ ತಾನೆ ತುಕ್ಕು? ಹೋಗುವ ದಾರಿಯನ್ನೇ ಮುಚ್ಚಿದರೆ? ಲಾರಿಯ ಬಾಗಿಲುಗಳ ಕೆಳಗೆ ಸಣ್ಣ ಸಣ್ಣ ತೂತುಗಳಿರುತ್ತವೆ. ಕಿಟಕಿಯ ಗಾಜಿನ ಸಂದಿಯಿಂದ ಒಳಗಿಳಿದ ಮಳೆನೀರು ಅಲ್ಲಿಂದ ಹೊರಗೆ ಹೋಗಬೇಕು. ನಮ್ಮ ಬೀಗರಿಗೆ ಅವು ಶತ್ರುವಿನ ಬಾಗಿಲಾಗಿ ಕಂಡವು. ಒಂದನ್ನೂ ಬಿಡದೆ ಮೇಣ ಮೆತ್ತಿ, ಮೇಲೆ ಡಾಂಬರು ಬಳಿದು ಬಂದ್ ಮಾಡಿದರು. ಮಳೆಗಾಲ ಬಂತು. ಬಾಗಿಲೆರಡೂ ಕೊಡಗಳಾದವು! ಅಳಿಯ ತಿರುವಿನಲ್ಲಿ ತಿರುಗಿಸಿದರೆ ಕುಳುಕುಳು, ಬ್ರೇಕ್ ಹಾಕಿದರೆ ಗುಳುಗುಳು. ದಾರಿಯಲ್ಲಿ ಪೊಲೀಸರು ನಿಲ್ಲಿಸಿದರು. ಬಾಗಿಲು ತಟ್ಟಿದರು, ಕಿವಿ ಇಟ್ಟು ಕೇಳಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಗಿಲಿನೊಳಗೆ ಕಳ್ಳಸಾರಾಯಿ ತುಂಬಿ ಸಾಗಿಸುತ್ತಿದ್ದಾನೆ ಎಂದು ಅವರಿಗೆ ಖಾತ್ರಿಯಾಯಿತು. ನನ್ನ ಅಳಿಯನೋ, ಒಂದು ಬೀಡಿಯನ್ನೂ ಸೇದದವನು. ಮೇಣ ಚುಚ್ಚಿ ತೆಗೆದಾಗ ಹೊರಬಿದ್ದದ್ದು ಕೆಂಪು ನೀರು. ಒಬ್ಬ ಪೊಲೀಸ ಮೂಗಿನ ಹತ್ತಿರ ಹಿಡಿದು ನೋಡಿ ಒಂದು ದಿನ ಊಟ ಬಿಟ್ಟಿರಬೇಕು.

ಅಳಿಯ ಮನೆಗೆ ಬಂದು ಅಪ್ಪನ ಮೇಲೆ ಹರಿಹಾಯ್ದ. ಬೀಗರು ಪೂರ್ತಿ ಕೇಳಿಸಿಕೊಂಡು, ಅಷ್ಟು ದಿನ ಒಂದು ಹನಿ ಹೊರಗೆ ಬಂದಿಲ್ಲ ಅಂದರೆ ನನ್ನ ಲೇಪ ಎಷ್ಟು ಗಟ್ಟಿ ನೋಡು ಎಂದರಂತೆ. ಇಂಥವರ ಜೊತೆ ಜಗಳವಾಡುವುದಾದರೂ ಹೇಗೆ?

ಇಷ್ಟರಲ್ಲಿ ನನ್ನ ಮಗಳು ಬಸುರಿಯಾದಳು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ, ರಾಯಚೂರಿಗೆ ಕರೆದುಕೊಂಡು ಬಂದೆ. ಹೆಣ್ಣು ಕೂಸು ಹುಟ್ಟಿತು. ಗುಂಡಗೆ, ನನ್ನ ಮೂಗು ಇಟ್ಟುಕೊಂಡು, ಬಾಯಿ ಮಾತ್ರ ಅಪ್ಪನ ಹಾರ್ನಿನದು.

ಬೀಗರು ಲಾರಿಯ ಜೊತೆ ಗಿರಣಿಗೆ ಬಂದಾಗಲೆಲ್ಲ ನಮ್ಮ ಮನೆಗೆ ಬರತೊಡಗಿದರು. ಬರುವುದೂ ಸರಿಯಾಗಿ ನಾನು ಕೂಸಿಗೆ ಎರೆಯುವ ಹೊತ್ತಿಗೆ. ಹೊಸ್ತಿಲ ಹೊರಗೆ ಕೂತು, ನಾನು ಕಾಲು ಚಾಚಿ ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುವುದನ್ನು ಎವೆ ಮುಚ್ಚದೆ ನೋಡುತ್ತಿದ್ದರು. ಹೆಂಡತಿ ತೀರಿಹೋದ ಮನೆ ಅದು. ಬಹಳ ವರ್ಷದಿಂದ ಅಪ್ಪ, ಮಗ, ಲಾರಿ, ಈ ಮೂವರೇ. ಮನೆಯಲ್ಲಿ ಕೂಸು ಆಡಿ ಎಷ್ಟು ಕಾಲವಾಯಿತೋ, ಮುದುಕನಿಗೆ ಆಸೆ ಎಂದು ನನ್ನಂಥವಳ ಮನಸ್ಸೂ ಮೆತ್ತಗಾಯಿತು.

“ಅಕ್ಕಾರ, ಒರಸೂವಾಗ ಮೊದಲ ಕಂಕುಳಿಗೇ ಯಾಕ ಕೈ ಹಾಕ್ತೀರಿ?” ಎಂದು ಒಂದು ದಿನ ಕೇಳಿದರು.

“ಮಡಿಕ್ಯಾಗ ಹಸಿ ನಿಲ್ಲತದ್ರಿ. ಮ್ಯಾಲ ಎಷ್ಟ್ ಒರಸಿದರೂ ಮಡಿಕಿ ಒಣಗಲಿಲ್ಲಂದ್ರ ಅಲ್ಲೇ ಕೆಂಪಗಾಗಿ ಸಿಪ್ಪಿ ಏಳ್ತದ.”

“ಕೆಂಪಗಾಗಿ ಸಿಪ್ಪಿ ಏಳ್ತದ,” ಎಂದು ಮಂತ್ರದ ಹಾಗೆ ಮೆಲ್ಲಗೆ ಹೇಳಿಕೊಂಡರು. ಲೋಬಾನದ ಹೊಗೆ ಹಾಕುವುದು ಯಾವಾಗ, ಒರೆಸಿದ ಮೇಲೋ ಮೊದಲೋ? ಕೆಂಡ ಎಷ್ಟು ದೂರ? ಕತ್ತಿನ ಮಡಿಕೆ ಒಣಗಿತೆಂದು ಹೇಗೆ ಗೊತ್ತಾಗುತ್ತದೆ? ಹೆತ್ತ ತಾಯಿ ಕೇಳದ ಪ್ರಶ್ನೆಗಳನ್ನು ಇವರು ಕೇಳಿದರು. ನಾನೂ ಹಿಗ್ಗಿ ಹಿಗ್ಗಿ ಹೇಳಿದೆ. ಇಂಥ ಅಜ್ಜ ಯಾವ ಕೂಸಿಗೆ ಸಿಗುತ್ತಾನೆ ಎಂದು ಓಣಿಯಲ್ಲೆಲ್ಲ ಸಾರಿ ಬಂದೆ.

ಆಮೇಲೆ ಅಳಿಯ ಬಂದು ಬಾಯಿಬಿಟ್ಟ. ಮುದುಕ ದೇವದುರ್ಗದಲ್ಲಿ ಬಾಣಂತನ ಮಾಡುತ್ತಿರುವುದು ಲಾರಿಗೆ! ಪಾಸಿಂಗ್ ಹತ್ತಿರ ಬಂದಿದೆ ಎಂದು ಹಳೆಯ ಡಾಂಬರು, ಬಣ್ಣ ಎಲ್ಲವನ್ನೂ ಕೆರೆದು ಹಾಕಿದ್ದಾರೆ. ಬಿಸಿನೀರಿನಲ್ಲಿ ತೊಳೆದಿದ್ದಾರೆ. ಚಾಸಿಯ ಮೂಲೆ ಮೂಲೆಗೆ ಬೆರಳಿಗೆ ಅರಿವೆ ಸುತ್ತಿಕೊಂಡು ಒರೆಸಿದ್ದಾರೆ. ಆಮೇಲೆ ಬಾಂಡಲಿಯಲ್ಲಿ ಕೆಂಡ ತುಂಬಿ, ಲಾರಿಯ ಕೆಳಗೆ ಅಷ್ಟಷ್ಟು ದೂರಕ್ಕೆ ಇಟ್ಟು ಕಾಯುತ್ತ ಕೂತಿದ್ದಾರೆ. ಕೆಂಡಕ್ಕೆ ಲೋಬಾನವನ್ನೂ ಹಾಕಿದ್ದಾರಂತೆ. ಅದು ಯಾಕೆ ಎಂದು ಕೇಳಿದರೆ, ಅಕ್ಕಾರು ಹಾಕುತ್ತಾರೆ ಎಂದರಂತೆ! ಹೊಗೆ ಕಂಡ ಪಕ್ಕದ ಮನೆಯವರು ಏನೋ ಪೂಜೆ ಇರಬೇಕೆಂದು ಕಾಯಿ ಹಿಡಿದುಕೊಂಡು ಬಂದರು. ಬೀಗರು ಆ ಕಾಯಿಯನ್ನೂ ಇಸಿದುಕೊಂಡರು. ಡೀಸೆಲ್ ಟ್ಯಾಂಕನ್ನು ಮೊದಲೇ ಬಿಚ್ಚಿ ಓಣಿಯ ಆ ತುದಿಗೆ ಇಟ್ಟಿದ್ದರು ಎಂಬುದೊಂದೇ ಪುಣ್ಯ.

ನಗುವುದನ್ನೆಲ್ಲ ನಕ್ಕೆ. ನಕ್ಕು ಮುಗಿದ ಮೇಲೆ ನನಗೆ ಕೂಸಿನ ವಿಚಾರ ಬಂತು. ಬಾಣಂತನದ ತಿಂಗಳುಗಳು ತುಂಬುತ್ತ ಬಂದಿದ್ದವು, ತಾಯಿ ಮಗುವನ್ನು ಕಳಿಸಬೇಕು. ಎಲ್ಲಿಗೆ? ಆ ಮನೆಯಲ್ಲಿ ಒಳಗೆ ಒಂದು ಕೋಣೆ, ಒಂದು ಅಡುಗೆಮನೆ. ಬಚ್ಚಲು ಎಂಬುದು ಹಿತ್ತಿಲಲ್ಲಿ ನಾಲ್ಕು ಗೂಟಕ್ಕೆ ಕಟ್ಟಿದ ಗೋಣಿತಟ್ಟು, ಮೇಲೆ ಆಕಾಶ. ಮಳೆ ಗಾಳಿಗೆ ತಡೆಯುವ ಜಾಗ ಒಂದೇ, ಅಂಗಳದ ತಗಡಿನ ಚಪ್ಪರ. ಅದರಲ್ಲಿ ಮಹಾರಾಜನ ಹಾಗೆ ಲಾರಿ! ನನ್ನ ಮೊಮ್ಮಗಳು ಬಯಲಿನಲ್ಲಿ ಎರೆದುಕೊಳ್ಳಬೇಕು, ಕಬ್ಬಿಣ ಚಪ್ಪರದಲ್ಲಿ ಬೆಚ್ಚಗೆ ನಿಲ್ಲಬೇಕೋ? ಬೀಗರು ಮುಂದಿನ ಸಲ ಬಂದಾಗ ಸುತ್ತಿ ಬಳಸದೆ ಹೇಳಿದೆ.

“ಬೀಗರ, ಆ ಚಪ್ಪರದಾಗ ಲಾರಿ ನಿಂತಿರೂತನಕ ನನ್ನ ಮಗಳು ಕೂಸಿನ್ನ ತಗೊಂಡು ಆ ಮನಿಗೆ ಬರಂಗಿಲ್ಲ.”

“ಪಾಸಿಂಗ್ ಬಂದದ್ರಿ ಅಕ್ಕಾರ. ಬಣ್ಣ ಎಲ್ಲಾ ಕೆರದೀನಿ. ಲಾರಿ ಬರೀ ಮೈಲೆ ನಿಂತದ.”

“ನನ್ನ ಕೂಸೂ ಬರೀ ಮೈಲೇ ಇರತದ್ರಿ, ಎರಿಯೂವಾಗ.”

ಮಗಳು ಒಳಗಿನಿಂದ ಯವ್ವಾ, ಸಾಕು ಎಂದು ಕಣ್ಣು ಬಿಟ್ಟಳು. ನಾನು ಬಿಡಲಿಲ್ಲ. ಬೀಗರು ಕೂಸಿನ ಕಡೆ ನೋಡಿದರು. ಹೌದ್ರಿ ಎಂದು ಅಷ್ಟೇ ಹೇಳಿ, ಚಪ್ಪಲಿ ಮೆಟ್ಟಿ ಹೋದರು. ಚಹಾ ಕುಡಿಯಲಿಲ್ಲ.

ಆಮೇಲೆ ಬರಲಿಲ್ಲ. ಸಿಟ್ಟಾದರು ಎಂದು ಮಗಳು ಅತ್ತಳು. ಆಗಲಿ ಎಂದೆ. ಸಿಟ್ಟು ಇಳಿಯುತ್ತದೆ, ಕೂಸಿಗೆ ನ್ಯುಮೋನಿಯಾ ಆದರೆ ಇಳಿಯುತ್ತದೆಯೇ? ಕೆಲವು ದಿನ ಕಳೆದ ಮೇಲೆ ಅಳಿಯ ಫೋನು ಮಾಡಿ, ಜಾಗ ತಯಾರಾಗುತ್ತ ಬಂದಿದೆ, ಕಳಿಸಿರಿ ಎಂದ. ಸುಮ್ಮನೆ ಕಳಿಸುವವಳೇ ನಾನು? ನಾನೇ ಜೊತೆಗೆ ಹೊರಟೆ. ಬಸ್ಸು ಕಲ್ಮಲ ದಾಟುವಾಗಲೇ ಮೋಡ ಕಟ್ಟಿತ್ತು.

ದೇವದುರ್ಗ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಓಣಿಗೆ ಹೊಕ್ಕರೆ ಲಾರಿ ರಸ್ತೆಯ ಬದಿಗೆ ನಿಂತಿದೆ. ಮೈಮೇಲೆ ಒಂದು ಹನಿ ಬಣ್ಣವಿಲ್ಲ. ಈಗಷ್ಟೇ ತಿಕ್ಕಿದ ಕೊಡದ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಅಂಗಳಕ್ಕೆ ಕಾಲಿಟ್ಟೆ. ಚಪ್ಪರದ ಕೆಳಗೆ ಹೊಸ ಬಚ್ಚಲು! ನುಣುಪಾದ ಕಲ್ಲುಹಾಸು, ನೀರು ಹರಿದು ಹೋಗಲು ಇಳಿಜಾರಿನ ಮೋರಿ, ಮಣ್ಣಿನ ಒಲೆ, ಮೇಲೆ ಹಂಡೆ, ನನಗೆ ಬೆನ್ನು ಆನಿಸಿ ಕೂರಲು ಒಂದು ಕಟ್ಟೆ. ಸುತ್ತಲೂ ಗಾಳಿ ನುಸುಳದಂತೆ ದಪ್ಪ ತಾಡಪತ್ರಿಯ, ಅಂದರೆ ಟಾರ್ಪಾಲಿನ, ಗೋಡೆ. ಚಪ್ಪರದ ಕಂಬಿಗೆ ತೊಟ್ಟಿಲ ಕೊಂಡಿ. ಕೊಂಡಿಗೆ ರೆಡ್ ಆಕ್ಸೈಡ್, ಅದರ ಮೇಲೆ ಕರಿಬಣ್ಣ. ಒಲೆಯ ಸರಳಿಗೂ ಬಳಿದಿದ್ದರು. ಹಂಡೆಗೂ ಬಳಿಯಲು ಹೋಗಿದ್ದರಂತೆ, ಅದು ತಾಮ್ರದ್ದೆಂದು ಅಳಿಯ ತಡೆದಿದ್ದ.

ನಾನು ಎಲ್ಲವನ್ನೂ ತಟ್ಟಿ ನೋಡಿದೆ. ತಪ್ಪು ಹುಡುಕಬೇಕೆಂದೇ ನೋಡಿದೆ. ಸಿಗಲಿಲ್ಲ. ಲಾರಿಗೆ ಲೇಪ ಹಚ್ಚಬೇಕಾಗಿದ್ದ ದಿನಗಳನ್ನೆಲ್ಲ ಮುದುಕ ಈ ಬಚ್ಚಲಿಗೆ ಸುರಿದಿದ್ದರು. ಊರಿನ ಗ್ಯಾರೇಜಿನಲ್ಲಿ ಲಾರಿ ನಿಲ್ಲಿಸಲು ಜಾಗ ಕೇಳಿದ್ದರು, ಸಿಕ್ಕಿರಲಿಲ್ಲ. ಆ ದಿನವೇ ಕಲ್ಲುಹಾಸಿನ ಕೆಲಸ ಮುಗಿದಿತ್ತು. ನಾಳೆಯಿಂದ ರೆಡ್ ಆಕ್ಸೈಡ್ ಹಚ್ಚಿ, ಮೇಲೆ ಕರಿ ಲೇಪ ಹಚ್ಚಿ ಪಾಸಿಂಗಿಗೆ ಒಯ್ಯುವುದು ಎಂದು ಲೆಕ್ಕ ಹಾಕಿದ್ದರು.

ದೀಪ ಹಚ್ಚುವ ಹೊತ್ತಿಗೆ ಮಳೆ ಬಂತು. ಬಂತೆಂದರೆ ಹೇಗೆ? ಓಣಿಯ ಆ ಬದಿಯ ಮನೆ ಕಾಣಿಸದಂತೆ. ಬರೀ ಮೈಯ ಕಬ್ಬಿಣಕ್ಕೆ ಒಂದು ಮಳೆ ಸಾಕು, ಬೆಳಗಾಗುವುದರೊಳಗೆ ತುಕ್ಕು ಏಳುತ್ತದೆ. ಇದನ್ನು ನನಗೆ ಕಲಿಸಿದವರು ಅವರೇ. ಅಳಿಯ ದಡದಡ ಓಡಿ ಬಂದು ಬಚ್ಚಲಿನ ತಾಡಪತ್ರಿಯ ಹಗ್ಗಕ್ಕೆ ಕೈ ಹಾಕಿದ. ಆಗಲೇ ನನಗೆ ತಿಳಿದದ್ದು. ಅದು ಲಾರಿಯದೇ ತಾಡಪತ್ರಿ. ಅವರಲ್ಲಿ ಇದ್ದದ್ದೇ ಅದೊಂದು.

ಬೀಗರು ಎದ್ದು ಬಂದು ಮಗನ ಕೈ ಹಿಡಿದರು.

“ಬಿಡು. ಕೂಸಿಗೆ ಗಾಳಿ ಬಡೀತದ.”

“ಯಪ್ಪಾ, ಪಾಸಿಂಗ್ ಅದ.”

“ಲಾರಿ ತುಕ್ಕು ಉಜ್ಜಿದರ ಹೋಗ್ತದ. ಬಿಡು ಹಗ್ಗ.”

ಅಷ್ಟೇ ಮಾತು. ಆಮೇಲೆ ರಸ್ತೆಗೆ ಬೆನ್ನು ಮಾಡಿ ಕೂತು, ತೊಟ್ಟಿಲ ಹಗ್ಗ ಹಿಡಿದು ತೂಗಿದರು. ಲಾರಿಯ ಕಡೆ ಒಂದು ಸಲವೂ ತಿರುಗಲಿಲ್ಲ. ಹನಿ ತಗಡಿಗೆ ಬಡಿಯುವ ಸದ್ದು ಮಾತ್ರ ಅವರ ಕಿವಿಗೆ ಬೀಳುತ್ತಿತ್ತು, ಕಿವಿಯನ್ನು ಯಾವ ಕಡೆಗೆ ತಿರುಗಿಸುತ್ತಾರೆ ಪಾಪ. ಕೂಸು ಅವರ ಬೆರಳು ಹಿಡಿದುಕೊಂಡು ಮಲಗಿತು.

ನಾನು ಗಿರಣಿಯಲ್ಲಿ, ಮನೆಯಲ್ಲಿ, ಮಂದಿಯ ನಡುವೆ ಬಾಯಿ ಮಾಡಿಯೇ ಬದುಕಿದವಳು. ಬಾಯಿ ಮಾಡದೆ ನನಗೆ ಯಾರೂ ಏನನ್ನೂ ಕೊಟ್ಟದ್ದಿಲ್ಲ. ಕೊಟ್ಟವರು ಅದನ್ನು ಆಡಿ ತೋರಿಸದೆ ಬಿಟ್ಟದ್ದೂ ಇಲ್ಲ. ಈ ಮುದುಕ ಕೊಟ್ಟರು, ಆಡಲಿಲ್ಲ. ನನ್ನ ಮಗಳು ಒಳ್ಳೆಯ ಮನೆ ಸೇರಿದಳು. ಇದನ್ನು ನಾನು ಅವರೆದುರು ಹೇಳಿಲ್ಲ, ಹೇಳುವುದೂ ಇಲ್ಲ, ಇಲ್ಲಿ ಬರೆದಿದ್ದೇನೆ.

ಲಾರಿ ಪಾಸಾಯಿತು. ಸಾಹೇಬರು ಕೆಳಗೆ ಬಗ್ಗಿ ನೋಡಿ ಎದ್ದರು, ಸಹಿ ಹಾಕಿದರು. ಈಗಲೂ ಮಾನ್ವಿಯ ಭತ್ತ ಅದರಲ್ಲೇ ಬರುತ್ತದೆ, ಅಳಿಯ ಮನೆಯಲ್ಲೇ ಉಣ್ಣುತ್ತಾನೆ. ಅದೆಲ್ಲ ಆಮೇಲಿನ ಮಾತು.

ಮಳೆಯ ಮರುದಿನ ಬೆಳಿಗ್ಗೆ ನಾನು ಎದ್ದು ಒಲೆ ಹೊತ್ತಿಸಿದೆ. ಹಂಡೆಯ ನೀರು ಕಾದ ಮೇಲೆ ಹೊಸ ಬಚ್ಚಲಿನಲ್ಲಿ ಕೂಸಿಗೆ ಎರೆದು, ಒರೆಸಿ, ತೊಟ್ಟಿಲಿಗೆ ಹಾಕಿದೆ. ಹೊರಗೆ ಬಂದರೆ ನಿನ್ನೆ ಬೆಳ್ಳಗಿದ್ದ ಲಾರಿ ಮೂತಿಯಿಂದ ಬಾಲದವರೆಗೆ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಓಣಿಯ ಮಂದಿ ದೂರ ನಿಂತು, ಮುದುಕ ಮರೆತುಬಿಟ್ಟಿದ್ದಾನೆ ನೋಡು ಎನ್ನುತ್ತಿದ್ದರು. ಬೀಗರು ಮುಂದಿನ ಚಕ್ರದ ಹತ್ತಿರ ಅಂಗಾತ ಮಲಗಿ ತಂತಿ ಬ್ರಷ್ಷಿನಿಂದ ಉಜ್ಜುತ್ತಿದ್ದರು. ನಾನು ಸೆರಗು ಸಿಕ್ಕಿಸಿ, ಡಬ್ಬಿಯಲ್ಲಿದ್ದ ಇನ್ನೊಂದು ಬ್ರಷ್ಷು ತೆಗೆದುಕೊಂಡು, ಹಿಂದಿನ ಚಕ್ರದ ಕಡೆಯಿಂದ ಕೆಳಗೆ ನುಸುಳಿದೆ.

“ಅಕ್ಕಾರ, ಸೀರಿ ಹೊಲಸಾಗ್ತದ,” ಎಂದರು ಬೀಗರು, ಆ ಕಡೆಯಿಂದ.

ಹೊಲಸಾಯಿತು. ಕೂಸು ಅಳುವವರೆಗೆ ಉಜ್ಜಿದೆ, ಹೋಗಿ ಹಾಲುಣಿಸಲು ಮಗಳ ಕೈಗೆ ಕೊಟ್ಟು ಬಂದು ಮತ್ತೆ ಉಜ್ಜಿದೆ.